ಸಾಲ ಕೊಟ್ಟವರ ಸಭೆ

ಮೂರನೆಯ ಸಾಲಿನಲ್ಲಿ ಅಣ್ಣ ರೋಜರ್ ಕೂತಿದ್ದನ್ನು ಕಂಡು ಡೇಲ್ ಲಾಹ್ಟಿ ತಟ್ಟನೆ ಮುಖ ತಿರುಗಿಸಿದ. ಕಪ್ಪು ಕೋಟು. ಮಡಿಲಲ್ಲಿ ಒಂದು ಲಕೋಟೆ. ಹನ್ನೊಂದು ವರ್ಷದಿಂದ ಮಾತಿಲ್ಲದ ಅಣ್ಣ.

"ಯಾರೂ ಬರಲ್ಲ ಅಂದಿದ್ರಲ್ಲ ಮೇಡಂ," ಎಂದು ಪಕ್ಕದಲ್ಲಿದ್ದ ವಕೀಲೆ ಪಾಲೀನ್ ಓಸ್ಟರ್‌ಗೆ ಪಿಸುಗುಟ್ಟಿದ.

ಪಾಲೀನ್ ಸುಳ್ಳು ಹೇಳಿರಲಿಲ್ಲ. ಡುಲೂತ್ ಊರಿನ ಈ ಸರಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ದಿವಾಳಿ ಅರ್ಜಿ ಹಾಕಿದವರು ಪ್ರಮಾಣ ಮಾಡಿ ಕೂರಬೇಕು. ಸಾಲ ಕೊಟ್ಟವರು ಬಂದು ಪ್ರಶ್ನೆ ಕೇಳಬಹುದು. ಕೇಳಬಹುದು ಅಷ್ಟೇ. ಕ್ರೆಡಿಟ್ ಕಾರ್ಡ್ ಕಂಪನಿಯವರಿಗೆ ಅಷ್ಟು ಪುರುಸೊತ್ತೆಲ್ಲಿ? ಇಪ್ಪತ್ತು ವರ್ಷಗಳಲ್ಲಿ ಅವರ ಮುಖವನ್ನು ಪಾಲೀನ್ ಕಂಡದ್ದಿಲ್ಲ.

ಡೇಲ್ ಮನೆಗಳ ಹೀಟರ್ ರಿಪೇರಿ ಮಾಡುವವನು. ಹೆಂಡತಿ ಕೊರಿನ್‌ಗೆ ಕ್ಯಾನ್ಸರ್ ಎಂದಾಗ ಒಂದು ಕಾರ್ಡು ಉಜ್ಜಿದ, ಅದನ್ನು ತೀರಿಸಲು ಇನ್ನೊಂದು. ಕೊರಿನ್ ಬದುಕಿದಳು. ಕಾರ್ಡುಗಳು ಆರಾದವು, ಸಾಲ ಐವತ್ತೊಂದು ಸಾವಿರ ಡಾಲರ್ ಆಯಿತು. ದಿವಾಳಿ ಅರ್ಜಿ ಗೆದ್ದರೆ ಅದೆಲ್ಲ ಮನ್ನಾ. ಬಿದ್ದುಹೋದರೆ ಸಂಬಳದ ಕಾಲು ಭಾಗ ಪ್ರತಿ ತಿಂಗಳೂ ಕಂಪನಿಯ ಪಾಲು. ಆಮೇಲೆ ಕೊರಿನ್‌ಳ ಮಾತ್ರೆಗೆ ದುಡ್ಡಿಲ್ಲ.

ಎಡವಟ್ಟಾದದ್ದು ಸಾಲ ಕೊಟ್ಟವರ ಪಟ್ಟಿಯಲ್ಲಿ. ಅಮ್ಮನಿಗೆ ಹತ್ತು ಡಾಲರ್ ಕೊಡುವುದಿದ್ದರೂ ಬರೆಯಬೇಕು ಎಂದು ಪಾಲೀನ್ ಪಟ್ಟು ಹಿಡಿದಿದ್ದರು. ಡೇಲ್ ಹಲ್ಲು ಕಚ್ಚಿಕೊಂಡು ಬರೆದ: ರೋಜರ್, ದೋಣಿಯ ಎಂಜಿನ್ನಿಗೆ ಕೊಟ್ಟ ಸಾಲ, ಒಂಬೈನೂರು. ಪಟ್ಟಿಯಲ್ಲಿದ್ದವರಿಗೆಲ್ಲ ಕೋರ್ಟು ಕಾಗದ ಕಳಿಸಿತು.

ಈಗ ಡೇಲ್ ಪಾಲೀನ್ ಬಳಿ ಇನ್ನೊಂದು ವಿಷಯವನ್ನೂ ಬಾಯಿಬಿಟ್ಟ. ಅಪ್ಪ ಸತ್ತಾಗ ಕೆರೆ ದಂಡೆಯ ಮನೆ ಪೂರ್ತಿ ಅಣ್ಣನಿಗೇ ಹೋಗಿತ್ತು. ಮಣ್ಣು ಮಾಡಿ ಬಂದು ಚರ್ಚಿನಲ್ಲಿ ಕಾಫಿ ಕುಡಿಯುವಾಗ, ನಲವತ್ತು ಜನರೆದುರು, ನಿನ್ನ ಒಂಬೈನೂರು ಸತ್ತರೂ ಕೊಡಲ್ಲ ಎಂದು ಡೇಲ್ ಕೂಗಾಡಿದ್ದ.

ಪಾಲೀನ್ ಪೆನ್ನು ಕೆಳಗಿಟ್ಟರು. "ಕೊಡೋ ಮನಸ್ಸೇ ಇರ್ಲಿಲ್ಲ ಅಂತ ಅವ್ರು ಸಾಬೀತು ಮಾಡಿದ್ರೆ ಕಷ್ಟ ಇದೆ."

ಅಷ್ಟರಲ್ಲಿ ಡೇಲ್‌ನ ಹೆಸರು ಕರೆದರು. ಮೇಜಿನಾಚೆ ಟ್ರಸ್ಟಿ ಬೆಕ್‌ವಿತ್. ದಿವಾಳಿಯಾದವರ ಆಸ್ತಿ ಹುಡುಕಿ ಸಾಲ ಕೊಟ್ಟವರಿಗೆ ಹಂಚುವುದು ಇವರ ಕೆಲಸ. ಸಾಮಾನ್ಯವಾಗಿ ಹಂಚಲು ಏನೂ ಸಿಗುವುದಿಲ್ಲ, ಹಾಗಾಗಿ ಅವರ ದನಿಯಲ್ಲಿ ಉತ್ಸಾಹವೂ ಇರುವುದಿಲ್ಲ. ಮನೆ? ಬಾಡಿಗೆಯದು. ವಾಹನ? ಹಳೆಯ ವ್ಯಾನು.

"ನಿಮಗೆ ಯಾರಾದ್ರೂ ಏನಾದ್ರೂ ಕೊಡೋದಿದ್ಯಾ? ಇದ್ರೆ ಅದೂ ಸಾಲ ಕೊಟ್ಟವರಿಗೇ ಸೇರುತ್ತೆ."

"ನನಗ್ಯಾರು ಕೊಡ್ತಾರೆ ಸಾರ್?"

ಹಿಂದೆ ಯಾರೋ ನಕ್ಕರು. ಬೆಕ್‌ವಿತ್ ತಲೆಯೆತ್ತದೆ, ಸಾಲ ಕೊಟ್ಟವರು ಯಾರಾದರೂ ಬಂದಿದ್ದೀರಾ ಎಂದು ಕೇಳಿ ಕಡತ ಮುಚ್ಚತೊಡಗಿದರು. ರೋಜರ್ ಎದ್ದು ನಿಂತ. ಬೆಕ್‌ವಿತ್ ಕಡತವನ್ನು ಮತ್ತೆ ತೆರೆದರು.

ಡೇಲ್ ಪಾಲೀನ್ ಕಡೆ ತಿರುಗಿದ. ಕೊರಿನ್‌ಗೆ ಏನು ಹೇಳುವುದು?

"ಒಂಬೈನೂರು ಬಿಡಿ," ಎಂದ ರೋಜರ್. "ಅಪ್ಪ ಆ ಮನೆ ಇಬ್ರಿಗೂ ಸಮ ಅಂತ ಬರೆದಿಟ್ಟಿದ್ರು. ಆ ಕಾಗದ ನಾನು ಬಚ್ಚಿಟ್ಟೆ."

ಡೇಲ್ ಸಾಲದಲ್ಲಿ ಮುಳುಗಿಹೋಗಿದ್ದಾನೆ ಎಂದು ಅವನಿಗೆ ಕೋರ್ಟಿನ ಕಾಗದ ಬಂದ ಮೇಲೇ ತಿಳಿಯಿತಂತೆ. ಅಂದಿನಿಂದ ಊಟ ಸೇರಿಲ್ಲವಂತೆ. ಅವನು ಲಕೋಟೆಯಿಂದ ಚೆಕ್ ತೆಗೆದು ಮೇಜಿನ ಮೇಲಿಟ್ಟ. ಮೂವತ್ತೆಂಟು ಸಾವಿರ ಡಾಲರ್, ಆ ಮನೆಯ ಅರ್ಧ ಬೆಲೆ.

"ಮನೆಗೆ ಬಂದಿದ್ರೆ ನೀನು ಬಾಗಿಲು ತೆಗೀತಿರ್ಲಿಲ್ಲ ಡೇಲ್. ಇಲ್ಲಿಂದ ನೀನು ಎದ್ದು ಹೋಗೋ ಹಾಗಿಲ್ಲ. ಅದಕ್ಕೇ ಇಲ್ಲಿಗೆ ಬಂದೆ."

ಲಾಹ್ಟಿಗಳ ಮನೆಯಲ್ಲಿ ಅಪ್ಪಿಕೊಳ್ಳುವ ರೂಢಿಯಿಲ್ಲ. ಡೇಲ್ ಅಣ್ಣನ ಕೈ ಹಿಡಿದುಕೊಂಡ, ಬಿಡಲೇ ಇಲ್ಲ. ಐವತ್ತೆಂಟರ ಗಂಡಸು ಎಲ್ಲರೆದುರು ಅತ್ತ. ಅವನಿಗೆ ಅಷ್ಟು ಸಂತೋಷವಾಗಿತ್ತು. ಪಾಲೀನ್ ಮಾತ್ರ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡರು.

ಬೆಕ್‌ವಿತ್ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿ, ರೋಜರ್‌ಗೇ ಹಿಂತಿರುಗಿಸಿದರು. "ತಮ್ಮನ ಹೆಸರಿಗಲ್ಲ, ನನ್ನ ಹೆಸರಿಗೆ ಬರ್ಕೊಡಿ, ಕಾರ್ಡ್ ಕಂಪನಿಯವ್ರಿಗೆ ಹಂಚ್ಬೇಕು. ಮುಂದಿನವರು ಬನ್ನಿ."