ಗುಬ್ಬಿ ಎಂಜಲು

"ಅದು ಹೆಂಗ ಹರಡತೈತಿ ಅನ್ನೂದೊಂದು ಬಿಟ್ಟು ಉಳಿದದ್ದೆಲ್ಲಾ ಹೇಳ್ರಿ" ಎಂದು ಹೆಡ್ ಮಾಸ್ತರ್ ಕೊಟ್ರಪ್ಪನವರು ಮೊದಲೇ ತಾಕೀತು ಮಾಡಿದ್ದರು. ಪತ್ರಿಕೆಗಳಲ್ಲಿ ಆಗಷ್ಟೇ ಹೆಸರು ಬರತೊಡಗಿದ್ದ ಏಡ್ಸ್ ರೋಗದ ಬಗ್ಗೆ ಮಕ್ಕಳಿಗೆ ತಿಳಿಹೇಳಲು ತಾವರಗೇರಾದಿಂದ ಸೈಕಲ್ ತುಳಿದು ಬಂದಿದ್ದ ಆರೋಗ್ಯ ಇಲಾಖೆಯ ನಜೀರಸಾಬ, ಅದನ್ನು ಬಿಟ್ಟರೆ ಹೇಳಲು ಉಳಿಯುವುದೇನು ಎಂದು ತಲೆ ಕೆರೆದುಕೊಂಡ. ಆದರೂ ನೌಕರಿ ನೌಕರಿಯೇ. ರೋಗ ಬಹಳ ಕೆಟ್ಟದ್ದು, ಔಷಧವಿಲ್ಲ, ಮುಂಬಯಿಗೆ ಹೋಗಿ ಬರುವವರು ಹುಷಾರಾಗಿರಬೇಕು ಎಂದು ಭಾಷಣ ಮಾಡಿದ. ಹಿಂದೆ ಕೂತ ಹುಡುಗನೊಬ್ಬ ಎದ್ದು, "ಅದು ಹೆಂಗ ಬರತೈತ್ರಿ?" ಎಂದು ಕೇಳಿಯೇಬಿಟ್ಟ. ನಜೀರಸಾಬ ಹೆಡ್ ಮಾಸ್ತರರ ಮುಖ ನೋಡಿದ. ಕೊಟ್ರಪ್ಪನವರು ದವಡೆಯ ತಂಬಾಕನ್ನು ಕಿಟಕಿಯಾಚೆ ಉಗಿದು ಬಂದು, "ಎಂಜಲ ತಿಂದ್ರ ಬರತೈತಿ. ಕೂಡ್ರು" ಎಂದರು. ಸಭೆ ಮುಗಿಯಿತು.

ಮರುದಿನ ಏಳನೇ ತರಗತಿಯಲ್ಲಿ ಯಂಕವ್ವನ ಎಡಕ್ಕೂ ಬಲಕ್ಕೂ ಯಾರೂ ಇರಲಿಲ್ಲ. ಅವಳಪ್ಪ ಮುಂಬಯಿ ಲಾರಿಯ ಡ್ರೈವರ್. ಊರಿಗೆ ಬಂದು ಸೊರಗಿ ಸೊರಗಿ ಸತ್ತಿದ್ದ. ಅವ್ವನೂ ಹಾಗೆಯೇ ಹೋದಳು. ಯಾವ ರೋಗವೆಂದು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ನಿನ್ನೆಯವರೆಗೆ ಅದಕ್ಕೆ ಗಾಳಿ ಸೋಂಕು ಎನ್ನುತ್ತಿದ್ದ ಊರಿಗೆ ಈಗ ಒಳ್ಳೆಯ ಸರಕಾರಿ ಹೆಸರೇ ಸಿಕ್ಕಿತ್ತು. ಯಂಕವ್ವನನ್ನು ಇಟ್ಟುಕೊಂಡಿದ್ದ ಸೋದರಮಾವ, ಸಾಲಿ ಬಿಟ್ಟ ದಿನವೇ ಕುರಿ ಹಿಂದೆ ಕಳಿಸುತ್ತೇನೆ ಎಂದು ಹೇಳಿಯೇ ಇದ್ದ. ಅವಳಿಗೆ ಸಾಲಿಯೂ ಬೇಕಿತ್ತು, ಸಾಲಿಯಲ್ಲಿ ಮಧ್ಯಾಹ್ನ ಕೊಡುವ ಉಪ್ಪಿಟ್ಟೂ ಬೇಕಿತ್ತು.

ಹತ್ತು ಗಂಟೆಗೆ ಸಾಲಿ ಕಮಿಟಿಯ ಗಾದಿಲಿಂಗಪ್ಪ ತನ್ನ ಮಗಳು ಪಕೀರಮ್ಮನನ್ನು ದರದರ ಎಳೆದುಕೊಂಡು, ಕೊಟ್ರಪ್ಪನವರು ಪಾಠ ಮಾಡುತ್ತಿದ್ದ ಅದೇ ತರಗತಿಗೆ ಬಂದ. ಮರೆತುಹೋದ ಛತ್ರಿ ಒಯ್ಯಲು ಬಂದಿದ್ದ ನಜೀರಸಾಬ ಬಾಗಿಲಲ್ಲೇ ನಿಂತ.

"ಮಾಸ್ತರ್ರ, ಆ ಯಂಕವ್ವನ ಕೈಯಾಗ ಟೀಸಿ ಕೊಟ್ಟು ಮನಿಗೆ ಕಳಸ್ರಿ. ನನ್ನ ಮಗಳು ಆಕಿ ಎಂಜಲ ತಿಂದಾಳ."

"ಎಂಜಲ ಅಲ್ಲಪ್ಪ, ಗುಬ್ಬಿ ಎಂಜಲ" ಎಂದು ಪಕೀರಮ್ಮ ಅಳುತ್ತಲೇ ತಿದ್ದಿದಳು. ಮೊನ್ನೆ ಯಂಕವ್ವ ಪೆಪ್ಪರಮಿಂಟನ್ನು ಲಂಗದ ಅಂಚಿನೊಳಗೆ ಇಟ್ಟು, ಬಟ್ಟೆಯ ಮೇಲಿಂದಲೇ ಕಟಕ್ಕನೆ ಕಚ್ಚಿ, ಚೂರನ್ನು ಹಂಚಿಕೊಂಡದ್ದನ್ನು ತೋರಿಸಿದಳು. ಹಾಗೆ ನಡುವೆ ಅರಿವೆ ಇಟ್ಟು ಕಚ್ಚಿದರೆ ಎಂಜಲಲ್ಲ ಎಂಬುದು ಮಕ್ಕಳ ಕಾಯಿದೆ. ಗಾದಿಲಿಂಗಪ್ಪನೂ ಅದೇ ಕಾಯಿದೆಯ ಮೇಲೆ ಅರ್ಧ ಊರಿನವರ ಬಾಯಿಂದ ತಿಂದು ಬೆಳೆದವನೇ.

ಕೊಟ್ರಪ್ಪನವರಿಗೆ ಹೋದ ಜೀವ ಬಂದಂತಾಯಿತು. "ನೋಡ್ರಿ ಮತ್ತ, ನಡುವ ಅರಿವಿ ಇತ್ತು. ಏನೂ ಆಗೂದಿಲ್ಲ."

"ಅರಿವಿ ಇರಲಿಲ್ಲಂದ್ರ ಆಗತಿತ್ತೇನು?" ಗಾದಿಲಿಂಗಪ್ಪ ಬಿಡಲಿಲ್ಲ.

ನಜೀರಸಾಬನಿಗೆ ತಡೆಯಲಾಗಲಿಲ್ಲ. "ಅರಿವಿ ಇದ್ರೂ ಅಷ್ಟ, ಇರದಿದ್ರೂ ಅಷ್ಟರಿ. ಎಂಜಲದಿಂದ ಆ ರೋಗ ಬರೂದಿಲ್ಲ. ಒಂದ ಗಂಗಾಳದಾಗ ಉಂಡ್ರೂ ಬರೂದಿಲ್ಲ. ನಡುವ ಪರದಾ ಬೇಕಾಗೂದು ಬ್ಯಾರೆ ಕೆಲಸಕ್ಕ. ಅದನ್ನ ಹೇಳಾಕ ಬಂದಿದ್ನಿ, ಸರ ಬಿಡಲಿಲ್ಲ."

"ಯಾವ ಕೆಲಸಕ್ಕ?" ಗಾದಿಲಿಂಗಪ್ಪ ಹೆಡ್ ಮಾಸ್ತರರ ಕಡೆ ತಿರುಗಿದ. "ಎಂಜಲದಿಂದ ಬರತೈತಿ ಅಂದವರು ನೀವು. ಇವರು ಇಲ್ಲಂತಾರ. ಹಂಗಾದ್ರ ಹೆಂಗ ಬರತೈತಿ, ನಿಮ್ಮ ಬಾಯಿಲೆ ಹೇಳ್ರಿ. ಇಲ್ಲಾ, ಟೀಸಿ ಬರೀರಿ."

ಕೊಟ್ರಪ್ಪನವರು ಬಾಯಿ ತೆರೆದರು. ಎದುರಿಗೆ ಏಳನೇ ತರಗತಿಯ ಹೆಣ್ಣುಮಕ್ಕಳು, ಕಿಟಕಿಯಲ್ಲಿ ಉಳಿದ ಸಾಲಿ. ಮನೆಯಲ್ಲಿ ಆರು ಮಕ್ಕಳ ತಂದೆಯಾದರೂ ಆ ವಿಷಯದಲ್ಲಿ ಈವರೆಗೆ ಒಂದು ಮಾತೂ ಆಡಿದವರಲ್ಲ. ತೆರೆದ ಬಾಯಿ ಹಾಗೆಯೇ ಮುಚ್ಚಿತು. ಅಷ್ಟರಲ್ಲಿ ಯಂಕವ್ವ ತನ್ನ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು, ಯಾರೂ ಹೇಳದೆಯೇ, ಬಾಗಿಲ ಕಡೆ ಹೊರಟಿದ್ದಳು. ಕೊಟ್ರಪ್ಪನವರು ಅದನ್ನು ಕಂಡರು. ತಾವು ಆಡಿದ ಒಂದು ಸುಳ್ಳಿಗೆ ಈ ತಬ್ಬಲಿ ಕುರಿ ಕಾಯಬೇಕೆ? ಆದರೂ ನಿಜ ನಾಲಿಗೆಗೆ ಬರಲೊಲ್ಲದು. ಅದನ್ನು ಹೇಳುವುದಕ್ಕಿಂತ ಎಂಜಲು ತಿನ್ನುವುದೇ ಸುಲಭವೆನ್ನಿಸಿತು.

"ಏ ಯಂಕವ್ವ, ನಿಲ್ಲು. ಪೆಪ್ಪರಮಿಂಟ ಐತೇನು?"

ಅವಳು ಬಾಯಿಂದಲೇ ತೆಗೆದು ತೋರಿಸಿದಳು. "ಚೀಪಿದ್ದೈತ್ರಿ."

"ಇರಲಿ, ಕೊಡು."

ಸ್ವಂತ ಮನೆಯಲ್ಲೂ ತಂಬಿಗೆ ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುವ ಕೊಟ್ರಪ್ಪನವರು ಕಣ್ಣು ಮುಚ್ಚಿ ಆ ಪೆಪ್ಪರಮಿಂಟನ್ನು ಬಾಯಿಗೆ ಹಾಕಿಕೊಂಡರು. ಕಟಕ್ಕನೆ ಕಚ್ಚಿ ಅರ್ಧ ನುಂಗಿದರು.

"ಗಾದಿಲಿಂಗಪ್ಪ, ಈಗ ನನಗೂ ಬರಬೇಕಲ್ಲ. ನಾ ಸತ್ತ ದಿನ ಬಾ, ಇಬ್ಬರದೂ ಕೂಡಿಸಿ ಟೀಸಿ ಬರಿಸಿಕೊಂಡು ಹೋಗು. ಅಲ್ಲೀತನಕ ಈಕಿ ಇಲ್ಲೇ ಕಲೀತಾಳ."

ಗಾದಿಲಿಂಗಪ್ಪ ಮಗಳ ಕೈ ಬಿಟ್ಟ. ಪಕೀರಮ್ಮ ಓಡಿಹೋಗಿ ಯಂಕವ್ವನ ಪಕ್ಕದಲ್ಲಿ ನಿಂತಳು. ಕೊಟ್ರಪ್ಪನವರು ಉಳಿದರ್ಧ ಪೆಪ್ಪರಮಿಂಟನ್ನು ಬಾಯಿಂದ ತೆಗೆದು, ಬಹಳ ದೊಡ್ಡ ಮನಸ್ಸಿನಿಂದ ಯಂಕವ್ವನ ಮುಂದೆ ಹಿಡಿದರು.

"ತಗೋ ಅವ್ವ. ಅಂಜಬ್ಯಾಡ."

ಯಂಕವ್ವ ಅವರ ಕರಿ ಹಲ್ಲುಗಳನ್ನು ನೋಡಿದಳು, ಹಸಿ ಚೂರನ್ನು ನೋಡಿದಳು. ಕೈ ಚಾಚಲಿಲ್ಲ.

"ನೀವು ತಂಬಾಕ ತಿಂತೀರಿ ಸರ" ಎಂದಳು. "ನಡುವ ಅರಿವಿ ಇಟ್ಟು ಕಡೀಬೇಕಿತ್ರಿ."