ಕ್ರೂಸರಿನ ಅಡುಗೆಮನೆ

ವಿಡಿಯೊ ಗೇಮಿನಲ್ಲಿ ಬಿಡಿಸಿದ ಹಡಗುಗಳು ನಿಜವಾದ ಕಡಲಿಗೂ ಬರತೊಡಗಿದ ಮೇಲೆ ಪಣಂಬೂರು ಬಂದರಿನ ಜಲಜಕ್ಕನ ಹೋಟೆಲಿಗೆ ಪುರಸೊತ್ತೇ ಇರಲಿಲ್ಲ. ಜರ್ಮನಿಯವರು ಹಿಂದೆಂದೋ ನಕ್ಷೆ ಬರೆದು ಕಟ್ಟದೇ ಬಿಟ್ಟಿದ್ದ ಲೈಟ್ ಕ್ರೂಸರ್ ಎಂಬ ಯುದ್ಧನೌಕೆ ಹೋದ ವರ್ಷ ಇಲ್ಲಿಗೆ ಬಂದಿತ್ತು. ಗೇಮಿನವರು ಅದರ ಒಂದೊಂದು ತೋಪನ್ನೂ ಬೋಲ್ಟು ಸಮೇತ ಬಿಡಿಸಿದ್ದರು. ಆಟದಲ್ಲಿ ಯಾರಿಗೂ ಹಸಿವಾಗುವುದಿಲ್ಲವಲ್ಲ, ಅಡುಗೆಮನೆಯನ್ನು ಮಾತ್ರ ಬಿಟ್ಟಿದ್ದರು. ಹಾಗಾಗಿ ಮುನ್ನೂರು ನಾವಿಕರೂ ದಿನಾ ಮಧ್ಯಾಹ್ನ ಜಲಜಕ್ಕನ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರಿಗೆ ಸಾಲು ನಿಲ್ಲುತ್ತಿದ್ದರು.

ಇವತ್ತು ಕಪ್ತಾನ ಡಿಟ್ಮರ್ ಒಬ್ಬನೇ ಬಂದ.

“ಅಕ್ಕ, ಬೆಳಿಗ್ಗೆ ಗೇಮಿನ ಅಪ್‌ಡೇಟ್ ಬಂತು. ನಮಗೂ ಅಡುಗೆಮನೆ ಆಯ್ತು. ಇನ್ನು ಊಟ ಹಡಗಿನಲ್ಲೇ ಅಂತ ಆರ್ಡರ್ ಉಂಟು,” ಎಂದ. ಅವನು ಕನ್ನಡ ಕಲಿತದ್ದೂ ಆ ಹೋಟೆಲಿನಲ್ಲೇ.

“ಮುನ್ನೂರು ಜನರ ಅನ್ನ ಬೆಂದ ಮೇಲೆ ಹೇಳುದಾ? ನಡೀರಿ, ಆ ಅಡುಗೆಮನೆ ಎಂಥದ್ದು ಅಂತ ನಾನೂ ನೋಡ್ತೇನೆ.” ಜಲಜಕ್ಕ ಸೌಟು ಹಿಡಿದೇ ಹಡಗು ಹತ್ತಿದಳು.

ಒಲೆ ಫಳಫಳ ಹೊಳೆಯುತ್ತಿತ್ತು. ಮೇಲೊಂದು ದೊಡ್ಡ ಪಾತ್ರೆ. ಮುಚ್ಚಳ ಎತ್ತಲು ಹೋದರೆ ಬರಲಿಲ್ಲ. ಮುಚ್ಚಳ, ಪಾತ್ರೆ, ಒಲೆ ಎಲ್ಲವನ್ನೂ ಒಂದೇ ತುಂಡಾಗಿ ಬಿಡಿಸಿಟ್ಟಿದ್ದರು.

ಜಲಜಕ್ಕ ನಗತೊಡಗಿದಳು. “ಸಾರು ತಳ ಹಿಡಿದದ್ದು ನೋಡಿದ್ದೇನೆ ಮಾರಾಯ್ರೆ. ಪಾತ್ರೆಯೇ ಒಲೆ ಹಿಡಿದದ್ದು ಇದೇ ಮೊದಲು!”

ಡಿಟ್ಮರ್ ತಲೆ ಕೆರೆದುಕೊಂಡ. “ಸರಿ ಮಾಡಿ ಅಂತ ಗೇಮಿನವರಿಗೆ ಬರೀಬೇಕಾ ಅಕ್ಕ?”

“ಬರೆದು ನೋಡಿ. ನಾಳೆಯಿಂದ ನಿಮ್ಮ ತಟ್ಟೆಗೆ ಬಂಗುಡೆಯ ತಲೆ ಮಾತ್ರ.”

ಕಪ್ತಾನ ಡೆಕ್ಕಿಗೆ ಓಡಿ ಊಟದ ಗಂಟೆ ಬಾರಿಸಿದ. ಜಲಜಕ್ಕ ಏಣಿ ಇಳಿಯುವಷ್ಟರಲ್ಲಿ ಮುನ್ನೂರು ಜನರೂ ಹೋಟೆಲಿನೆದುರು ತಟ್ಟೆ ಹಿಡಿದು ನಿಂತಾಗಿತ್ತು.