ಹೆಸರಿಲ್ಲದ ಮೆಣಸಿನ ಚೀಲ

ರೂತಮ್ಮ ಸಾಕ್ಷಿ ಹೇಳಲು ಎದ್ದು ನಿಂತದ್ದೇ ತಡ, ಮುಂದಿನ ಬೆಂಚಿನಲ್ಲಿ ಕೂತಿದ್ದ ದೇವಸಹಾಯನ ಎದೆ ಧಸಕ್ಕೆಂದಿತು. ಮುಗಿಯಿತು ನನ್ನ ಕಥೆ, ಇವತ್ತು ಈಕೆ ಬಾಯಿ ಬಿಡುತ್ತಾಳೆ ಅಂದುಕೊಂಡ.

ಹಾನುಬಾಳಿನ ಆ ಪುಟ್ಟ ಚರ್ಚಿನಲ್ಲಿ ಅಂದು ಸುಗ್ಗಿಯ ಹಬ್ಬ. ಬೆಳೆದವರೆಲ್ಲ ಬೆಳೆದದ್ದರಲ್ಲಿ ಒಂದು ಪಾಲು ತಂದು ದೇವರ ಮುಂದಿಡಬೇಕು. ಒಬ್ಬೊಬ್ಬರೇ ಎದ್ದು, ಯಾವ ಉಪಕಾರಕ್ಕೆ ಈ ಕೃತಜ್ಞತೆ ಎಂದು ಸಾಕ್ಷಿ ಹೇಳಬೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಮಾಲೆಲ್ಲ ಹರಾಜು. ಬಂದದ್ದು ಬಡವರ ಔಷಧಿಗೆ.

ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜಗಳ ನಡುವೆ ಒಂದು ಚೀಲ ಕಾಳುಮೆಣಸು ಕೂತಿತ್ತು. ಕೊಟ್ಟವರ ಹೆಸರಿಲ್ಲ. ಕೆಲವು ವರ್ಷಗಳಿಂದ ಹೀಗೆಯೇ. ಹಬ್ಬದ ಬೆಳಿಗ್ಗೆ ಜನ ಬರುವಷ್ಟರಲ್ಲಿ ಚೀಲ ಬಂದಿರುತ್ತಿತ್ತು.

ಮೊದಲ ವರ್ಷ ಪಾದ್ರಿ ಅಯ್ಯನವರು, "ಈ ಮಹಾದಾನಿ ಯಾರಪ್ಪ?" ಎಂದು ಕೇಳಿದಾಗ ದೇವಸಹಾಯ ಕೆಮ್ಮಿದ. ಗಂಟಲು ನಿಜವಾಗಿಯೂ ಕೆರೆಯುತ್ತಿತ್ತು. ಜನ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ. ಮಾಡಿದ್ದು ಅಷ್ಟೇ. ಸುಳ್ಳು ಹೇಳಲಿಲ್ಲ, ಛೆ, ಅಂಥ ಪಾಪ ಮಾಡುವ ಪೈಕಿಯಲ್ಲ ಅವನು. ಆದರೆ ತಗ್ಗಿಸಿದ ತಲೆ ಎತ್ತುವಷ್ಟರಲ್ಲಿ ಊರಿಗೇ ದಾನಿಯಾಗಿಬಿಟ್ಟಿದ್ದ. ಮುಂದಿನ ಬೆಂಚು ಸಿಕ್ಕಿತು. ಈ ವರ್ಷ ಸಭೆಯ ಹಿರಿಯನ ಪಟ್ಟವೂ ಗಟ್ಟಿಯಾಗಿತ್ತು. ಹರಾಜಿನ ನಂತರ ಶಾಲು ಹೊದಿಸುವುದೊಂದೇ ಬಾಕಿ.

ಅವನ ಸ್ವಂತ ಕಾಣಿಕೆ ಎಂದರೆ ಒಂದು ಬುಟ್ಟಿ ಕಿತ್ತಳೆ. ಮರದಿಂದ ತಾವಾಗಿಯೇ ಉದುರಿದವು. ದೇವರಿಗೆ ಕೊಡುವ ಹಣ್ಣಿಗೆ ಆಳನ್ನು ಮರ ಹತ್ತಿಸಿ ಕೂಲಿ ದಂಡ ಮಾಡುವುದೇಕೆ? "ಇಷ್ಟೊಂದು ಬೆಳೆ ಕೊಟ್ಟವ್ನೆ, ಒಂದು ಚೀಲ ಮೆಣಸಾದ್ರೂ ಕೊಡಾನ ಕಣ್ರೀ" ಎಂದು ಹೆಂಡತಿ ಸುಗುಣಮ್ಮ ಮದುವೆಯಾದಾಗಿನಿಂದ ಗೋಗರೆದಿದ್ದಳು. ಈಚಿನ ವರ್ಷಗಳಲ್ಲಿ ಅವಳೂ ಸುಮ್ಮನಾಗಿದ್ದಳು. ಅಂತೂ ಬುದ್ಧಿ ಬಂತಲ್ಲ ಎಂದು ಅವನು ದೇವರಿಗೆ ಸ್ತೋತ್ರ ಹೇಳಿದ್ದ.

ಹಾಗಾದರೆ ಚೀಲ ಯಾರದು? ಅವನ ಗುಮಾನಿಯೆಲ್ಲ ರೂತಮ್ಮನ ಮೇಲೆ. ಗಂಡ ಇಲ್ಲ, ಯಸಳೂರಿನ ಕಡೆ ತುಂಡು ಜಮೀನು, ಅದರಲ್ಲಿ ಒಂದಷ್ಟು ಮೆಣಸಿನ ಬಳ್ಳಿ. ಇದ್ದದ್ದನ್ನೆಲ್ಲ ಕೊಟ್ಟು ಬರಿಗೈಯಾಗುವ ಹುಚ್ಚು ಇಂಥವರಿಗೇ ಇರುತ್ತದೆ.

"ದೇವ್ರ ಮುಂದೆ ಇವತ್ತು ಒಂದು ನಿಜ ಹೇಳ್ಬೇಕು" ಎಂದಳು ರೂತಮ್ಮ.

ದೇವಸಹಾಯ ಬಾಗಿಲು ಎಷ್ಟು ದೂರವಿದೆ ಎಂದು ನೋಡಿದ.

"ಹೋದ ವರ್ಷದ ಹರಾಜಿನ ದುಡ್ಡಲ್ಲೇ ನನ್ ಮಗ್ಳ ಆಪರೇಶನ್ ಆಗಿದ್ದು. ಆ ಮೆಣಸು ಇಲ್ದಿದ್ರೆ ಕೂಸು ಉಳೀತಿರ್ಲಿಲ್ಲ. ನಾನು ತಂದಿರೋದು ಒಂದು ಕುಂಬಳಕಾಯಿ ಅಷ್ಟೇಯ. ದೇವಸಹಾಯಣ್ಣ, ನಿಮ್ ಹೊಟ್ಟೆ ತಣ್ಣಗಿರ್ಲಿ."

ಅವನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ಬಳಬಳ ನೀರು. ಜನ ಅದನ್ನು ಭಕ್ತಿ ಎಂದುಕೊಂಡರು.

ಅಂಗಳದಲ್ಲಿ ಹರಾಜು ಶುರುವಾಯಿತು. ಆಲೂರಿನಿಂದ ಬಂದಿದ್ದ ಮೆಣಸಿನ ವ್ಯಾಪಾರಿ ಮಹಾದೇವಯ್ಯ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು ಮೂಸಿದ. "ಕಾಳೇನೋ ಗಟ್ಟಿ ಐತೆ. ಆದ್ರೆ ಘಾಟು ಇಳಿದೈತಲ್ಲ ಮಾರಾಯ್ರೆ" ಎಂದು ಗೊಣಗಿಕೊಂಡೇ ಬೆಲೆ ಕೂಗಿದ.

ಹರಾಜಿನವನು ದೇವಸಹಾಯನ ಮುಖ ನೋಡಿದ. ಎಲ್ಲರೂ ನೋಡಿದರು. ವರ್ಷಾವರ್ಷ ಆ ಚೀಲವನ್ನು ಬಿಡಿಸಿಕೊಳ್ಳುವವನು ಅವನೇ. ಬೇರೆ ದಾರಿಯಾದರೂ ಏನಿತ್ತು? ತನ್ನದೆಂದು ಜನ ನಂಬಿದ ಮಾಲು ಕಣ್ಣೆದುರೇ ಅಗ್ಗಕ್ಕೆ ಹೋದರೆ ಮಾನವೂ ಅದರ ಜೊತೆಗೇ ಹೋಗುತ್ತದೆ. "ಕೊಟ್ಟು, ಮತ್ತೆ ತಾನೇ ಕೊಳ್ತಾನಲ್ಲ, ಎಂಥಾ ಮನುಷ್ಯ" ಎಂದು ಹೆಂಗಸರು ಪಿಸುಗುಟ್ಟುವುದು ಕಿವಿಗೆ ಬಿದ್ದರಂತೂ ನಾಲಿಗೆ ಅವನ ಮಾತನ್ನೇ ಕೇಳುತ್ತಿರಲಿಲ್ಲ. ಅದು ೧೯೯೯, ಮೆಣಸಿಗೆ ಬಂಗಾರದ ಬೆಲೆ. ದೇವಸಹಾಯ ಪೇಟೆಯ ಬೆಲೆಯ ಎರಡರಷ್ಟು ಕೂಗಿದ. ಮಹಾದೇವಯ್ಯ ಕೈಮುಗಿದು ಹಿಂದೆ ಸರಿದ. ಚಪ್ಪಾಳೆ ಬಿತ್ತು, ಶಾಲು ಬಿತ್ತು.

ಮಧ್ಯಾಹ್ನ ಜೀಪು ಮನೆಯ ಮುಂದೆ ನಿಂತಿತು. ಡ್ರೈವರ್ ನಟರಾಜ ಚೀಲವನ್ನು ಹೆಗಲಿಗೇರಿಸಿ ಸ್ಟೋರಿನತ್ತ ನಡೆದ. ಹೆಗಲ ಮೇಲಿನ ಶಾಲು ತೆಗೆಯದೆಯೇ ದೇವಸಹಾಯ ಹಿಂದೆ ಹೋದ. ಕೊಟ್ಟ ದುಡ್ಡು ಈಗ ಉರಿಯತೊಡಗಿತ್ತು.

"ನಾಳೆ ಪೇಟೆಗೆ ಹಾಕ್ಬುಡಾನ. ಅರ್ಧನಾದ್ರೂ ಬರ್ತದೆ."

"ದೇವ್ರ ಮುಂದೆ ಇಟ್ಟಿದ್ದನ್ನ ಮಾರೋದಾ? ಬ್ಯಾಡ ಕಣ್ರೀ" ಎಂದಳು ಸುಗುಣಮ್ಮ. ಪ್ರತಿ ಸಲದ ಮಾತು. ಚರ್ಚಿನ ಮೆಣಸು ಮಾರಿದನೆಂದು ನಾಲ್ಕು ಜನಕ್ಕೆ ಗೊತ್ತಾಗುವ ಹೆದರಿಕೆಗೆ ಅವನು ಪ್ರತಿ ಸಲವೂ ಸೋಲುತ್ತಿದ್ದ.

ಸೋತವನು ಬಾಗಿಲಲ್ಲೇ ಕುಸಿದು ಕೂತ. ಇಷ್ಟು ವರ್ಷ ಯಾರಿಗೂ ಹೇಳದ್ದು ಹೆಂಡತಿಯ ಮುಂದೆ ಬಾಯಿಗೆ ಬಂದೇಬಿಟ್ಟಿತು.

"ಅದು ರೂತಮ್ಮಂದೂ ಅಲ್ವಂತಲ್ಲೇ. ಯಾವ ಪುಣ್ಯಾತ್ಮ ತಂದಿಡ್ತಾನೋ ಏನೋ. ಮುಂದಿನ ವರ್ಷ ಅವ್ನು ಇಡ್ದೇ ಹೋದ್ರೆ ನನ್ ಮರ್ವಾದೆ ಗತಿ ಏನು?"

"ಇಡ್ತಾರೆ ಬಿಡ್ರೀ, ಅದಕ್ಯಾಕೆ ಹೆದರ್ತೀರ" ಎಂದು ಸುಗುಣಮ್ಮ ಒಳಗೆ ತಿರುಗಿದಳು.

"ಮೂಲೇಗೆ ಬ್ಯಾಡ ಕಣೋ ನಟರಾಜ, ಬಾಗ್ಲತ್ರಾನೇ ಇಡು, ವರ್ಷಾವರ್ಷ ಇದೊಂದೇ ಚೀಲಾನ ಇಲ್ಲಿಂದ ಚರ್ಚಿಗೆ, ಚರ್ಚಿಂದ ಇಲ್ಲಿಗೆ ಹೊತ್ತು ಹೊತ್ತು ನಿನ್ ಸೊಂಟ ಬಿದ್ದೋಯ್ತು."